ಕಪ್ಪು ಚಿತ್ರದ ತೂತು

ಅಮ್ಮ,

ನೀನು ಸತ್ತ ಮೇಲೆ ಅಪ್ಪನಿಗೆ ದೊಡ್ಡ ಹೆಸರು ಬಂತು. ಈಗ ಅವನೂ ಇಲ್ಲ. ಪಿಟ್ಸ್‌ಬರ್ಗಿನ ಹೊಸ ಕಲಾ ಸಂಗ್ರಹಾಲಯದಲ್ಲಿ ಅವನು ಬರೆದ ಕಪ್ಪು ಚಿತ್ರವನ್ನು ತೂಗುಹಾಕಿದ್ದಾರೆ. ಇವತ್ತು ವೆಂಡೆಲ್ ಹಟ ಹಿಡಿದು ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದ. ನಿನ್ನ ಮಗ ಅಪ್ಪನನ್ನು ಈಗಲೂ ದೇವರೆಂದೇ ತಿಳಿದಿದ್ದಾನೆ.

ಚಿತ್ರದ ನಡುವೆ ಆ ತೂತು ಹಾಗೇ ಇದೆ. ಅಲ್ಲಿನ ಹುಡುಗಿಯೊಬ್ಬಳು ಜನರಿಗೆ ವಿವರಿಸುತ್ತಿದ್ದಳು: "ನೋಡಿ, ಕಲಾವಿದರು ಬೇಕಂತಲೇ ಕ್ಯಾನ್ವಾಸ್ ಹರಿದಿದ್ದಾರೆ. ಎಂಥಾ ಧೈರ್ಯ!"

"ಬೇಕಂತ ಅಲ್ಲಮ್ಮ," ಎಂದೆ. "ನಮ್ಮಪ್ಪ ನಮ್ಮಮ್ಮನ ತಲೆಗೆ ಅಂತ ಸುತ್ತಿಗೆ ಎಸೆದ. ಅವಳು ಬಗ್ಗಿದ್ಲು, ಇದಕ್ಕೆ ಬಿತ್ತು. ಆಮೇಲೆ ಅವಳನ್ನ ಕೈಯಲ್ಲೇ ಚಚ್ಚಿದ."

ಯಾರೋ ತಮಾಷೆ ಎಂದುಕೊಂಡು ನಕ್ಕರು. ವೆಂಡೆಲ್ ನನ್ನ ಮಣಿಕಟ್ಟು ಹಿಡಿದು ತಿರುಚಿದ.

"ಬಾಯ್ಮುಚ್ಚು ನೆಲ್ಡಾ! ಸತ್ತೋರ ಮಾನ ಯಾಕೆ ಕಳೀತೀಯ?"

"ಅಮ್ಮನೂ ಸತ್ತಿದ್ದಾಳಲ್ಲೋ! ಅವಳಿಗೆ ಮಾನ ಇಲ್ವಾ?"

ಅವನ ಕೆನ್ನೆಗೆ ಬಾರಿಸಿದೆ. ಅವನು ಮುಷ್ಟಿ ಬೀಸಿದ. ತುಟಿ ಒಡೆದು ನಾನು ನೆಲಕ್ಕೆ ಬಿದ್ದೆ. ಅಂಗಿಯ ತುಂಬ ರಕ್ತ ಸೋರಿತು. ಹೊಡೆದ ಕೈಯನ್ನೇ ನೋಡಿಕೊಳ್ಳುತ್ತ ವೆಂಡೆಲ್ ಅಳತೊಡಗಿದ. ಅಪ್ಪನೂ ಹೊಡೆದಾದ ಮೇಲೆ ಹೀಗೇ ಅಳುತ್ತಿದ್ದನಲ್ಲ.

ಪಕ್ಕದ ಕೋಣೆಯಿಂದ ಕಾವಲುಗಾರ ಓಡಿ ಬಂದು ನನ್ನನ್ನು ಎತ್ತಿ ಕೂರಿಸಿದ.

"ಯಾರು ತಾಯಿ ಹೊಡೆದಿದ್ದು? ಹೆದರಬೇಡಿ, ಹೇಳಿ. ಈಗಲೇ ಪೊಲೀಸರನ್ನ ಕರೀತೀನಿ."

ಅಷ್ಟು ಜನ ಕಣ್ಣಾರೆ ಕಂಡಿದ್ದರು. ಆದರೂ ನನ್ನ ಬಾಯಿಂದ ಬಂದದ್ದು ನೀನು ನೆರೆಮನೆಯವರಿಗೆ ಹೇಳುತ್ತಿದ್ದ ಮಾತು.

"ಯಾರೂ ಇಲ್ಲಪ್ಪ. ನಾನೇ ಎಡವಿ ಬಿದ್ದೆ."