ಮೆಟ್ಟಿಲ ತಿರುವಿನ ಸಿಗ್ನಲ್

ಮಾರ್ಚ್ ೧೪, ಮಂಗಳವಾರ

ಮೊಬೈಲ್ ಟವರ್‌ಗೆ ಹೊಸ ಯಂತ್ರ ಕೂರಿಸಲು ಶುರುಮಾಡಿದಾಗಿನಿಂದ ಈ ಕಟ್ಟಡದಲ್ಲಿ ಸಿಗ್ನಲ್ ಸಿಗುವುದು ಮೆಟ್ಟಿಲ ತಿರುವಿನಲ್ಲಿ ಮಾತ್ರ. ನಾವೆಲ್ಲ ಅಲ್ಲಿ ಗೋಡೆಗೆ ಮುಖ ಮಾಡಿ ನಿಂತು ಸಂಸಾರದ ಗುಟ್ಟೆಲ್ಲ ಪಿಸುಗುಡುತ್ತೇವೆ. ದರಿದ್ರ ಅಪ್‌ಗ್ರೇಡು!

ಮಧ್ಯಾಹ್ನ ಅಲ್ಲಿಂದಲೇ ಅಕ್ಕನಿಗೆ ಫೋನ್ ಮಾಡಿ ಅಮ್ಮನ ಗಡ್ಡೆಯ ರಿಪೋರ್ಟ್ ಬಗ್ಗೆ ಹೇಳಿದೆ. ಅವಳು ಬರೀ "ಹೂಂ, ಹೂಂ" ಅಂದಳು. "ಅಮ್ಮಂಗೆ ಹೇಳ್ಬೇಡ ಕಣೇ" ಅಂದಾಗ ಮಾತ್ರ ಹೂಂ ಅನ್ನಲಿಲ್ಲ.

ಸಂಜೆ ಅಕ್ಕ ಬಂದವಳೇ ಬಾಗಿಲಲ್ಲೇ ರೇಗಿದಳು. "ರಿಪೋರ್ಟ್ ಏನಾಯ್ತೇ? ಬಂದು ಹೇಳಿ ಹೋಗಕ್ಕಾಗಲ್ವಾ ನಿಂಗೆ?"

"ಮಧ್ಯಾಹ್ನ ಹೇಳಿದ್ನಲ್ಲೇ!"

"ಯಾರಿಗೆ? ಬೆಳಗಿಂದ ಇಡೀ ಊರಲ್ಲೇ ನೆಟ್‌ವರ್ಕ್ ಇಲ್ಲ."

ಫೋನ್ ತೆಗೆದು ನೋಡಿದೆ; ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ.

ರಾತ್ರಿಯಾಯಿತು, ಈಗಲೂ ಸಿಗ್ನಲ್ ಬಂದಿಲ್ಲ. ಅಕ್ಕ ನನ್ನ ಪಕ್ಕದಲ್ಲೇ ನಿದ್ದೆಹೋಗಿದ್ದಾಳೆ. ಎದುರು ಮಂಚದಲ್ಲಿ ಅಮ್ಮ ಫೋನ್ ಕಿವಿಗಿಟ್ಟುಕೊಂಡು "ಹೂಂ... ಹೂಂ..." ಅನ್ನುತ್ತಾ ನನ್ನನ್ನೇ ನೋಡುತ್ತಿದ್ದಾಳೆ.