ಜನ ಎದ್ದು ಹೋದ ಸದ್ದು

ಬನವಾಸಿ, ಶಿರಸಿ ತಾಲೂಕು
೧೦ ನವೆಂಬರ್ ೨೦೨೫, ಕಾರ್ತಿಕದ ಮೂರನೆಯ ಸೋಮವಾರ

ಪ್ರೀತಿಯ ತಮ್ಮ ರವೀಂದ್ರಾ,

ಮಧುಕೇಶ್ವರನ ದೀಪಕ್ಕೆ ಎಣ್ಣೆ ಹಾಕಿ ಬಂದು, ಕೈ ತೊಳೆದು ಈ ಕಾಗದಕ್ಕೆ ಕುಳಿತಿದ್ದೇನೆ. ಮೊದಲು ನಿನ್ನ ಮೈಕೈ ಹೇಗಿದೆ ಹೇಳು. ಪುಣೆಯಲ್ಲಿ ಚಳಿ ಬಿದ್ದಿದ್ದರೆ ನಿನ್ನ ಎಡಗೈ ಹೆಬ್ಬೆರಳಿನ ಸಂದು ಬಾತಿರಬೇಕು. ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚು, ಆ ಡಬ್ಬಿಯದನ್ನು ಪುಸ್ಸೆಂದು ಹೊಡೆದುಕೊಂಡು ಸುಮ್ಮನಾಗಬೇಡ. ನಿನ್ನ ಹೆಂಡತಿ ಶಾಂಭವಿ ಮಾತ್ರೆ ಬಿಡದೆ ತೆಗೆದುಕೊಳ್ಳುತ್ತಾಳಷ್ಟೆ? ಇಲ್ಲಿ ಅವ್ವ ಗಟ್ಟಿಯಾಗಿದ್ದಾಳೆ, ಕಿವಿಯೊಂದು ಮಂದ. ಅದೂ ತನಗೆ ಬೇಡದ ಮಾತಿಗೆ ಮಾತ್ರ ಎಂದು ನಮ್ಮ ಮನೆಯವರು, ನಿಮ್ಮ ಮಾಮಾ, ನಗುತ್ತಾರೆ. ಅವರು ಅನಾನಸಿನ ಲೋಡು ಕಳಿಸುವ ಗಡಿಬಿಡಿಯಲ್ಲಿದ್ದಾರೆ.

ನಿನ್ನ ಕಾಗದ ಬಂದು ಹನ್ನೆರಡು ದಿನವಾಯಿತು. ಫೋನಿನಲ್ಲಾದರೆ ನೀನು ನಡುವೆ ಬಾಯಿ ಹಾಕುತ್ತೀ, ಅದಕ್ಕೇ ಬರೆಯುತ್ತಿದ್ದೇನೆ. ಎರಡು ಮಾತು ಕೇಳಿದ್ದೀ. ಎಂಥ ಹುಡುಗರಿಗೆ ಬಾಕ್ಸಿಂಗ್ ಕಲಿಸಿ ರಿಂಗಿಗೆ ಹತ್ತಿಸಿದರೂ ಅರ್ಧ ಕುರ್ಚಿಗಳು ಖಾಲಿ ಇರುತ್ತವೆ, ‘ಅಕ್ಕಾ, ಜನ ಯಾಕ ಬರವಲ್ರು?’ ಎನ್ನುವುದು ಒಂದು. ಇನ್ನೊಂದು, ಹಳೆಯ ಹೆಸರು ಕಂಡರಾದರೂ ಬಂದಾರು ಎಂದು ಇದೇ ಇಪ್ಪತ್ತೊಂಬತ್ತಕ್ಕೆ, ನಲವತ್ಮೂರನೆಯ ವಯಸ್ಸಿನಲ್ಲಿ, ನೀನೇ ಮತ್ತೆ ರಿಂಗಿಗೆ ಇಳಿಯುತ್ತೀಯಂತೆ. ನಿನ್ನ ಕೊರಳ ಇಷ್ಟಲಿಂಗ ಹಿಡಿದುಕೊಳ್ಳಲು ನಾನು ಬರುತ್ತೇನೋ ಇಲ್ಲವೋ ಎಂದು ಕೇಳಿದ್ದೀ.

ಅದನ್ನು ಓದಿದ ಕೂಡಲೇ ನೀನು ಮಿಲಿಟರಿ ಬಿಟ್ಟು ಬಂದ ವರ್ಷ ನೆನಪಾಯಿತು. ದುಡ್ಡಿನ ಪಂದ್ಯಕ್ಕೆ ಇಳಿಯುತ್ತೇನೆ ಎಂದೆ. ಮೈಮೇಲೆ ದಾರವೂ ಇರಕೂಡದು, ಕೊರಳ ಲಿಂಗದ ಕರಡಿಗೆ ತೆಗೆದಿಟ್ಟೇ ಹತ್ತಬೇಕು ಎಂದಾಗ ಅಪ್ಪ ಎರಡು ದಿನ ನಿನ್ನ ಜೊತೆ ಮಾತು ಬಿಟ್ಟ. ಲಿಂಗ ಮೈ ಬಿಡುವುದುಂಟೆ? ಕೊನೆಗೆ ಮಠದ ಅಯ್ಯನವರ ಹತ್ತಿರ ಹೋದೆವು. ಅವರು, ‘ಮೈಯಿಂದ ಇಳಿದ ಲಿಂಗ ಗೂಟಕ್ಕ ತೂಗಬಾರದು, ಒಡಹುಟ್ಟಿದಾಕಿ ಅಂಗೈಯಾಗ ಇರಲಿ. ಅದನ್ನ ತಿರುಗಿ ಕೊಡೂತನಾ ಆಕಿ ನೀರು ಕುಡಿಬಾರದು, ಸುಳ್ಳು ಆಡಬಾರದು’ ಎಂದರು. ‘ಹೊಡಿಸಿಕೊಳ್ಳಾಕ ಹೋಗಾಕ ಇದೊಂದು ಮೆರವಣಿಗಿ’ ಎಂದು ಅವ್ವ ಗೊಣಗಿದಳು. ಆದರೂ ಪ್ರತಿ ಸಲ ನನ್ನ ಕೈಚೀಲಕ್ಕೆ ಮಡಿ ಬಟ್ಟೆ ಹಾಕಿ ಕೊಟ್ಟವಳು ಅವಳೇ.

ಶಿರಸಿಯ ಆ ಮೊದಲ ಪಂದ್ಯ! ಸಿದ್ದಾಪುರದಿಂದ ನೋಡಲು ಬರುವವರ ಟೆಂಪೊ ತಡವಾಯಿತೆಂದು ಅರ್ಧ ತಾಸು ಕಾದರು, ಒಬ್ಬರೂ ಬೇಸರಪಡಲಿಲ್ಲ. ನನ್ನ ಪಕ್ಕದಲ್ಲಿ ಯಲ್ಲಾಪುರದ ಕಡೆಯ ಒಬ್ಬ ಮುದುಕರು ಕುಳಿತಿದ್ದರು. ಇಬ್ಬರಲ್ಲಿ ಒಳ್ಳೆಯ ಹುಡುಗ ಯಾವನು ಎಂದು ಕೇಳಿದರು. ಇಬ್ಬರೂ ಒಳ್ಳೆಯವರೇ ಎಂದೆ. ಹಾಗಾದರೆ ಯಾರಿಗೆ ಕೂಗುವುದು ಎಂದು ಪೇಚಿಗೆ ಬಿದ್ದು, ಕಡೆಗೆ ಇಬ್ಬರಿಗೂ ಕೂಗಿದರು. ನಾನು ಹೆದರಿ ಕಣ್ಣು ಮುಚ್ಚಿ, ಅಂಗೈಯಲ್ಲಿ ಲಿಂಗ ಹಿಡಿದು ಶಿವನಾಮ ಜಪಿಸುತ್ತಿದ್ದೆ. ಆವತ್ತಿನಿಂದ ನಿನ್ನ ಪಂದ್ಯಗಳನ್ನೆಲ್ಲ ನಾನು ಜನರ ಬಾಯಿಂದಲೇ ಕೇಳಿದವಳು. ಒಳ್ಳೆಯ ಏಟು ಬಿದ್ದರೆ, ಹೊಡೆದವನು ಯಾರೇ ಇರಲಿ, ಇಡೀ ಮಂದಿ ಒಟ್ಟಿಗೆ ಉಸಿರು ಬಿಡುತ್ತಿತ್ತು, ಒಲೆಯ ಮೇಲಿನ ಹಾಲು ಉಕ್ಕಿ ಇಳಿದ ಹಾಗೆ. ಆ ರಾತ್ರಿ ನೀನು ಸೋಲಿಸಿದ ಬೆಳಗಾವಿಯ ಹುಡುಗನನ್ನೇ ಊಟಕ್ಕೆ ಕರೆತಂದೆ. ತುಟಿ ಒಡೆದು ಅವನಿಗೆ ರೊಟ್ಟಿ ಅಗಿಯಲಾಗಲಿಲ್ಲ. ಅವ್ವ ಹಾಲಿನಲ್ಲಿ ರೊಟ್ಟಿ ನೆನೆಸಿ ಕೊಡುತ್ತ, ‘ಇಷ್ಟು ಯಾರು ಹೊಡೆದ್ರಪಾ, ಕರುಳು ಇಲ್ಲದವರು’ ಎಂದಳು. ನೀನು ತಲೆ ತಗ್ಗಿಸಿ ಪಲ್ಯ ನೋಡುತ್ತಿದ್ದೆ. ನೆನೆದರೆ ಈಗಲೂ ಒಬ್ಬಳೇ ನಗುತ್ತೇನೆ.

ಈಗ ಜನ ಯಾಕೆ ಬರುವುದಿಲ್ಲ? ನಾನು ಏಳನೆಯ ಇಯತ್ತೆ ಕಲಿತವಳು, ನನ್ನನ್ನು ಕೇಳುತ್ತೀಯಲ್ಲ. ನಿಮ್ಮ ಮಾಮಾ ಹೇಳುವುದೇ ಬೇರೆ, ಮೊಬೈಲಿನಲ್ಲಿ ಪಂಜರದೊಳಗೆ ಒದೆಯುವ, ಕಚ್ಚಿದ ಹಾಗೆ ಹಿಡಿಯುವ ಆಟ ಬಂದಿದೆ, ಬರೀ ಮುಷ್ಟಿಯದು ಯಾರಿಗೆ ಬೇಕು ಎನ್ನುತ್ತಾರೆ. ಅದೂ ಇರಬಹುದು. ಆದರೆ ಒಂದೇ ತೂಕಕ್ಕೆ ನಾಲ್ಕು ಸಂಸ್ಥೆಗಳು, ನಾಲ್ಕು ಬೆಲ್ಟು, ನಾಲ್ವರು ಜಗಜ್ಜೆಟ್ಟಿಗಳು ಎಂದು ನೀನೇ ಒಮ್ಮೆ ಹೇಳಿದ್ದೆ. ಒಂದು ಮಠಕ್ಕೆ ನಾಲ್ವರು ಸ್ವಾಮಿಗಳಾದರೆ ಭಕ್ತರು ಯಾರ ಪಾದಪೂಜೆ ಮಾಡಬೇಕು? ಆ ನಾಲ್ವರೂ ಎದುರುಬದುರು ನಿಲ್ಲುವುದೇ ಇಲ್ಲವಂತೆ. ಸೋತರೆ ಬೆಲೆ ಇಳಿಯುತ್ತದೆ ಎಂದು ಮಾತುಕತೆಯಲ್ಲೇ ವರ್ಷ ಕಳೆದು, ಕೈ ಸೋತ ಮೇಲೆ ಒಪ್ಪುತ್ತಾರಂತೆ. ಮೊದಲು ದೂರದರ್ಶನದಲ್ಲಿ ಬಂದರೆ ಓಣಿಯೇ ನಮ್ಮ ಪಡಸಾಲೆಯಲ್ಲಿ ಕೂರುತ್ತಿತ್ತು, ಈಗ ನೋಡಬೇಕೆಂದರೆ ಪ್ರತಿ ಪಂದ್ಯಕ್ಕೂ ಮೊಬೈಲಿಗೆ ದುಡ್ಡು ತುಂಬಬೇಕು. ಒಬ್ಬರೇ ಕುಳಿತು ನೋಡುವ ಹೊಡೆದಾಟದಲ್ಲಿ ಏನು ಸುಖ?

ಇಷ್ಟೆಲ್ಲ ಬರೆದೆ, ನಿಜವಾದದ್ದು ಬರೆಯಲಿಲ್ಲ. ಎದ್ದು ಹೋದವರಲ್ಲಿ ನಾನೂ ಒಬ್ಬಳು ತಮ್ಮಾ. ಹುಬ್ಬಳ್ಳಿಯ ಪಂದ್ಯದ ಮೇಲೆ ಮೊಣಕಾಲು ನೋವು ಎಂದೆ, ಅಪ್ಪನ ಆರೈಕೆ ಎಂದೆ. ಅಪ್ಪ ಹೋಗಿ ಆರು ವರ್ಷವಾಯಿತು, ಮೊಣಕಾಲು ದಿನಾ ಗುಡಿಯ ಮೆಟ್ಟಿಲು ಹತ್ತುತ್ತದೆ.

ಆವತ್ತು ನಿನ್ನ ಎದುರಿಗೆ ಯಲ್ಲಾಪುರದ ಸುನೀಲ. ಆರನೆಯ ರೌಂಡಿನಲ್ಲಿ ಮಂದಿ ಉಸಿರು ಬಿಟ್ಟ ಸದ್ದು ಎಷ್ಟು ದೊಡ್ಡದಾಗಿತ್ತೆಂದರೆ, ನಾನು ಕಣ್ಣು ತೆರೆದೆ. ಅವನ ಬಲಗೈ ನಿನ್ನ ದವಡೆಗೆ ಬಿದ್ದು ನೀನು ಮೊಣಕಾಲೂರಿದ್ದು ಕಂಡೆ. ರೆಫರಿ ಎಣಿಸಲೇ ಇಲ್ಲ, ಕಾಲು ಜಾರಿತು ಎಂದ. ಗಂಟೆ ಹೊಡೆದ ಮೇಲೆ ನಿನ್ನ ಕೈ ಎತ್ತಿದರು. ಯಾರೂ ಬೈಯಲಿಲ್ಲ, ಏನನ್ನೂ ಎಸೆಯಲಿಲ್ಲ. ಕುರ್ಚಿ ಹಿಂದೆ ಸರಿಸಿ, ಚಪ್ಪಲಿ ಮೆಟ್ಟಿ, ಒಬ್ಬರ ಮುಖ ಒಬ್ಬರು ನೋಡದೆ ಹೊರಟರು. ಅಂಥ ಸದ್ದು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ನೀನು ಬೆವರಿಳಿಸುತ್ತ ಬಂದು, ‘ಅಕ್ಕಾ, ನೋಡಿದೇನ?’ ಎಂದೆ. ‘ಇಲ್ಲೋ ತಮ್ಮಾ, ಕಣ್ಣ ಮುಚ್ಚಿದ್ದೆ’ ಎಂದೆ ನಾನು. ನಿನ್ನ ಲಿಂಗ ಇನ್ನೂ ನನ್ನ ಅಂಗೈಯಲ್ಲೇ ಇತ್ತು.

ಹನ್ನೊಂದು ವರ್ಷವಾಯಿತು, ಪೂಜೆಗೆ ಕುಳಿತಾಗ, ನಿನ್ನ ಲಿಂಗ ಹಿಡಿದು ಸುಳ್ಳಾಡಿದ ನನ್ನ ಎಡ ಅಂಗೈ ನನಗೇ ಬೇಡವೆನಿಸುತ್ತದೆ. ತೀರ್ಪು ಕೊಟ್ಟವರು ತಮ್ಮ ಪಾಪ ತಾವು ಉಣ್ಣಲಿ. ನೀನು ಬೆಲ್ಟು ಹಿಡಿದು ಊರಿಗೆ ಬಂದು ಮಾಲೆ ಹಾಕಿಸಿಕೊಂಡೆ, ನಾನು ಆರತಿ ಎತ್ತಿದೆ. ಆ ಪಾಪ ನಮ್ಮಿಬ್ಬರದು.

ಕಳೆದ ವೈಶಾಖದಲ್ಲಿ ಯಲ್ಲಾಪುರದ ಒಂದು ಮದುವೆಗೆ ಹೋದಾಗ ಸುನೀಲ ಸಿಕ್ಕಿದ್ದ. ಪಾತ್ರೆ, ಶಾಮಿಯಾನ ತಂದಿಳಿಸುವ ಗಾಡಿ ಅವನದು. ನನ್ನ ಗುರುತು ಹಿಡಿದು ತಾನೇ ಬಂದು ಕುಡಿಯಲು ನೀರು ಕೊಟ್ಟ. ‘ಅಕ್ಕಾ, ಅವತ್ತು ನೀವು ಕಣ್ಣು ಬಿಟ್ಟಿದ್ರಿ, ನಾ ನೋಡಿದ್ದೆ’ ಎಂದ. ನಾನು ಕುಡಿಯದೆ ಲೋಟ ಕೆಳಗಿಟ್ಟೆ. ನಾನು ಏನೋ ಹೇಳಹೋದೆ, ಅವನೇ ತಡೆದ. ಸಿಟ್ಟು ಇರಲಿಲ್ಲ ಅವನ ಮುಖದಲ್ಲಿ. ‘ಖರೇ ಸೋತಿದ್ರೆ ಮತ್ತೊಂದು ವರ್ಷ ಆಡ್ತಿದ್ದೆ’ ಎಂದು ಹೇಳಿ ಹಗ್ಗ ಬಿಚ್ಚಲು ಹೋದ. ನಿನ್ನ ಮೊದಲ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನಲ್ಲಿಲ್ಲ. ಸೋಲಿಗೆ ಯಾರೂ ಆಟ ಬಿಡುವುದಿಲ್ಲ ರವೀಂದ್ರಾ, ಆಡಿದವನೂ, ನೋಡಿದವನೂ.

ಬೈದೆನೆಂದು ತಿಳಿಯಬೇಡ. ನಿನ್ನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು, ನಿನ್ನ ತಪ್ಪಿನಲ್ಲಿ ನನ್ನ ಪಾಲು ಬಿಟ್ಟುಕೊಡಲಾರೆ. ಶಾಂಭವಿಗೆ ನನ್ನ ನೆನಪು ಹೇಳು. ಅವ್ವ ಬಾಗಿಲಲ್ಲಿ ಕುಳಿತು, ಬೆಚ್ಚಗೆ ಉಂಡು ಬೆಚ್ಚಗೆ ಮಲಗಲಿ ನನ್ನ ಮಗ ಎಂದು ಬರೆಯಲು ಹೇಳುತ್ತಿದ್ದಾಳೆ. ಮಧುಕೇಶ್ವರ ನಿನ್ನ ಎಲುಬು, ನಿನ್ನ ಮನಸ್ಸು ಎರಡನ್ನೂ ನೆಟ್ಟಗೆ ಇಟ್ಟಿರಲಿ.

ನಿನ್ನ ಅಕ್ಕ,
ಗಂಗಾಂಬಿಕಾ

ತಾ.ಕ.: ಅಂಚೆ ಕಚೇರಿಯಲ್ಲಿ ನಿಂತೇ ಬರೆಯುತ್ತಿದ್ದೇನೆ, ಅಂಚೆಯವನು ಚೀಲ ಕಟ್ಟುತ್ತಿದ್ದಾನೆ, ಎರಡನೆಯ ಪ್ರಶ್ನೆಯ ಉತ್ತರ ಬಿಟ್ಟೇ ಹೋಗಿತ್ತು. ಇಪ್ಪತ್ತೆಂಟರ ರಾತ್ರಿ ಪುಣೆಯ ಬಸ್ಸು ಹತ್ತುತ್ತೇನೆ, ಸೀಟು ಮಾಡಿಸಿಯಾಗಿದೆ. ರಿಂಗು ಹತ್ತುವ ಮೊದಲು ಮೈಕು ತೆಗೆದುಕೊಂಡು, ಹುಬ್ಬಳ್ಳಿಯಲ್ಲಿ ಗೆದ್ದವನು ಸುನೀಲ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳು. ನಾನು ನೋಡಿದ್ದೆ ಎಂದು ನಿನ್ನ ಪಕ್ಕ ನಿಂತು ನಾನೂ ಹೇಳುತ್ತೇನೆ. ಆಮೇಲೆ ಕೈ ಚಾಚುತ್ತೇನೆ. ಹೇಳಲಾಗದಿದ್ದರೆ ಲಿಂಗ ನಿನ್ನ ಕೊರಳಲ್ಲೇ ಇರಲಿ, ಅಕ್ಕ ತಮ್ಮ ಇಬ್ಬರೂ ಕುರ್ಚಿಯಲ್ಲಿ ಕುಳಿತು ಹುಡುಗರ ಆಟ ನೋಡಿ ಬರೋಣ.