ತಾತನ ಎಡಗಾಲು

ತಾತ,

ನಾನು ಬುಡಾಪೆಸ್ಟ್‌ಗೆ ಬಂದು ಐದು ದಿನವಾಯಿತು. ಬೆಳಿಗ್ಗೆ ಡ್ಯಾನ್ಯೂಬ್ ಸೇತುವೆಗಳ ಮೇಲೆ ಒಬ್ಬಳೇ ಅಲೆಯುತ್ತೇನೆ, ಹತ್ತಕ್ಕೆ ನೃತ್ಯ ಶಿಬಿರ. ನಿನ್ನೆ ಅಲ್ಲಿ ನಿನ್ನನ್ನೇ ನೋಡಿದೆ! ಮೇಷ್ಟ್ರು ಜೊಂಬೋರ್ ಅವರು ಗೋಡೆಯ ಮೇಲೆ ಹಳೆಯ ಚಿತ್ರವೊಂದನ್ನು ಓಡಿಸಿದರು. ಮೂವತ್ತೋ ಮೂವತ್ತೈದೋ ವಯಸ್ಸಿನ ನೀನು ನಮ್ಮ ಅಂಗಳದಲ್ಲಿ ಕುಣಿಯುತ್ತಿದ್ದೆ. ಕೆಳಗೆ 'ಹೆಸರು ತಿಳಿಯದ ಹಳ್ಳಿಗ, ಟ್ರಾನ್ಸಿಲ್ವೇನಿಯಾ' ಎಂದು ಬರೆದಿತ್ತು. ನೀನು ಎಡಗಾಲು ಎಳೆಯುವುದನ್ನು ನಲವತ್ತು ಜನ ಒಂದು, ಎರಡು ಎಂದು ಎಣಿಸಿಕೊಂಡು ಕಲಿಯುತ್ತಿದ್ದರು. ನಾನು ಮಾತ್ರ ನೀನು ಬೈದು ಬೈದು ಕಲಿಸಿದ ಹಾಗೆ ಎರಡೂ ಕಾಲನ್ನು ಸಮನಾಗಿ ಎತ್ತಿ ಕುಣಿದೆ.

"ಏನಮ್ಮಾ ಇಲ್ಕಾ, ಎಡಗಾಲು ಎಳೀಬೇಕು. ನಿಂಗೆ ಹೀಗೆ ಕಲಿಸಿದ್ದು ಯಾರು?" ಎಂದರು ಮೇಷ್ಟ್ರು.

"ಆ ಚಿತ್ರದಲ್ಲಿರೋರೇ ಸಾರ್, ನಮ್ಮ ತಾತ. ಅದು ಹೆಜ್ಜೆ ಅಲ್ಲ. ಕಾಡಲ್ಲಿ ದಿಮ್ಮಿ ಬಿದ್ದು ಅವರ ಕಾಲು ಮುರಿದಿತ್ತು."

"ಟ್ರಾನ್ಸಿಲ್ವೇನಿಯಾದಿಂದ ಬಂದೋರೆಲ್ಲ ಅದು ನಮ್ಮ ತಾತ ಅಂತಾನೇ ಹೇಳ್ತಾರೆ ಬಿಡು!"

ನಲವತ್ತು ಜನವೂ ನಕ್ಕರು.

ಇವರ ಪ್ರಮಾಣಪತ್ರವಿಲ್ಲದೆ ನಮ್ಮೂರ ಶಾಲೆಯಲ್ಲಿ ಮಕ್ಕಳಿಗೆ ಕುಣಿತ ಕಲಿಸಲು ನನ್ನನ್ನು ಬಿಡುವುದಿಲ್ಲ, ಅದು ನಿನಗೂ ಗೊತ್ತು. ಮಧ್ಯಾಹ್ನ ನಾನೂ ಅವರಂತೆ ಎಡಗಾಲು ಎಳೆದು ಕುಣಿದೆ. "ನೋಡು, ಈಗ ಸರಿಹೋಯ್ತು" ಎಂದು ಮೇಷ್ಟ್ರು ಚಪ್ಪಾಳೆ ತಟ್ಟಿದರು. ನನಗೆ ಅವರಿಗಿಂತ ನನ್ನ ಮೇಲೇ ಹೆಚ್ಚು ಸಿಟ್ಟು ಬಂತು.

ಮಂಡಿ ಸ್ವಲ್ಪ ಊದಿದೆ, ಮುಲಾಮು ಹಚ್ಚಿದ್ದೇನೆ, ಗಾಬರಿಯಾಗಬೇಡ. ಶನಿವಾರದ ರೈಲಿಗೆ ಹೊರಡುತ್ತೇನೆ. ಬಂದ ಮೇಲೆ, ಏನು ಕಲಿತೆ ತೋರಿಸು ಎಂದು ಮಾತ್ರ ಕೇಳಬೇಡ.

ಇಲ್ಕಾ